ಹೊಸಬರ ಪೆಟ್ಟಿಗೆಗೆ ಬಿದ್ದ ಸೀರೆ

ನಮ್ಮ ಯಜಮಾನರ ಕಾಕಾ ಹದಿನೈದನೆಯ ಶತಮಾನದಲ್ಲಿ ವಾಸವಾಗಿದ್ದಾರೆ. ವಿಳಾಸ ಕೇಳಿದರೆ ಹ್ಯೂಸ್ಟನ್ ಅನ್ನುತ್ತಾರೆ, ನಂಬಬೇಡಿ! ಸೋಮವಾರದಿಂದ ಶುಕ್ರವಾರದವರೆಗೆ ಎಣ್ಣೆ ಪೈಪುಗಳ ನಕ್ಷೆ ಬರೆಯುವ ಧಾರವಾಡದ ಎಂಜಿನಿಯರು. ಶನಿವಾರ ಬಂತೆಂದರೆ ವಿಜಯನಗರದ ಕುದುರೆ ವ್ಯಾಪಾರಿ. ತಲೆಗೆ ಪೇಟ, ಮೊಣಕಾಲು ದಾಟಿದ ಅಂಗಿ, ಸೊಂಟಕ್ಕೊಂದು ಚೂರಿ. ಕುದುರೆ ಮಾತ್ರ ಇಲ್ಲ. ಅದರ ಬದಲು ಒಂದು ಹಳೆಯ ವ್ಯಾನ್ ಇದೆ, ಅದು ಬೆಳಗ್ಗೆ ಎದ್ದು ಹೊರಡುವುದಕ್ಕೆ ಕುದುರೆಗಿಂತ ಹೆಚ್ಚು ಹಟ ಮಾಡುತ್ತದೆ.

ಟೆಕ್ಸಾಸಿನಲ್ಲಿ ಇಂಥವರ ಒಂದು ಬಳಗವೇ ಇದೆ. ವಾರವೆಲ್ಲ ಕಂಪ್ಯೂಟರಿನ ಮುಂದೆಯೋ ಆಸ್ಪತ್ರೆಯಲ್ಲೋ ದುಡಿಯುತ್ತಾರೆ. ವಾರಾಂತ್ಯಕ್ಕೆ ಊರಾಚೆಯ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಐನೂರು ವರ್ಷದ ಹಿಂದಿನವರಂತೆ ಉಟ್ಟು, ಅವರಂತೆ ಅಡುಗೆ ಮಾಡಿ, ಬೆತ್ತದ ಕತ್ತಿಯಿಂದ ಒಬ್ಬರನ್ನೊಬ್ಬರು ಬಡಿದುಕೊಂಡು, ಭಾನುವಾರ ಸಂಜೆ ಮೈಕೈ ನೋವಿನ ಮಾತ್ರೆ ನುಂಗಿ ಮನೆಗೆ ಹೋಗುತ್ತಾರೆ. ಅಲ್ಲಿ ಎಲ್ಲರೂ ಇಂಗ್ಲೆಂಡಿನ ಸರದಾರರು, ಫ್ರಾನ್ಸಿನ ದೊರೆಸಾನಿಯರು. ಹಂಪಿಯವರು ನಮ್ಮ ಕಾಕಾ ಒಬ್ಬರೇ. ಹಾಗಾಗಿ ಅವರು ಹೇಳಿದ್ದೇ ಶಾಸ್ತ್ರ!

ನಗುವವರು ನಗಿ. ಈ ಮನುಷ್ಯ ನನ್ನ ಅಜ್ಜಿಯ ಸೀರೆಯನ್ನು ಕಂಡವರಿಗೆ ಕೊಟ್ಟುಬಿಟ್ಟರು. ಹೋದದ್ದು ನಿಮ್ಮಜ್ಜಿಯದಲ್ಲವಲ್ಲ! ಆ ಕಥೆಗೆ ಬರುತ್ತೇನೆ, ಮೊದಲು ಇವರ ಗುಣ ಸ್ವಲ್ಪ ತಿಳಿದುಕೊಳ್ಳಿ.

ಎರಡು ಸಾವಿರದ ಮೂರರ ಸುಮಾರು. ನಾವು ಡಲ್ಲಾಸಿನ ಪಕ್ಕದ ಮರ್ಫಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕಾಕಾನ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಈ ಹುಚ್ಚು ಹಿಡಿದದ್ದು ಆಮೇಲೆಯೇ. ನಾನು ಗೊಣಗಿದಾಗಲೆಲ್ಲ ನಮ್ಮವರದು ಒಂದೇ ಪಲ್ಲವಿ: "ಹೋಗ್ಲಿ ಬಿಡು, ಒಬ್ರ ಇರ್ತಾರ, ಏನರ ಒಂದು ಹಚ್ಕೊಂಡಾರ." ಹಚ್ಚಿಕೊಳ್ಳಲಿ, ಬೇಡ ಅಂದವರಾರು? ನಮಗೂ ಹಚ್ಚಬೇಕೆ?

ಒಂದು ದಿನ ಊಟಕ್ಕೆ ಬಂದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದೆ. ಮೈಸೂರಿನವಳು ನಾನು, ರೊಟ್ಟಿ ಬಡಿಯುವುದನ್ನು ಕಲಿಯಲು ಮೂರು ವರ್ಷ ಹಿಡಿದಿತ್ತು. ಕಾಕಾ ತಟ್ಟೆಯನ್ನು ಮೂಸಿ ನೋಡಿದರು.

"ಮೆಣಸಿನಕಾಯಿ ಹಾಕೀಯೇನವಾ?"

"ಹೂಂ ಕಾಕಾ, ಕಮ್ಮಿ ಆಯ್ತಾ?"

"ಮೆಣಸಿನಕಾಯಿ ನಮ್ಮ ದೇಶಕ್ಕ ಬಂದದ್ದು ಪೋರ್ಚುಗೀಸರ ಹಿಂದ. ನಾ ಅವರಿಗಿಂತ ಮೊದಲಿನವ."

"ಶೇಂಗಾ?"

"ಅದೂ ಹಂಗ. ಆಲೂಗಡ್ಡಿ, ಟೊಮ್ಯಾಟೊ, ಗೋಡಂಬಿ, ಒಂದೂ ನಡ್ಯಂಗಿಲ್ಲ."

ಧಾರವಾಡದವರು ಮೆಣಸಿನಕಾಯಿ ಬಿಡುವುದೆಂದರೆ ಏನು, ಸಂನ್ಯಾಸ ತಗೊಂಡ ಹಾಗೆ! ರೊಟ್ಟಿಗೆ ಮೊಸರು, ಕಾಳುಮೆಣಸಿನ ಪುಡಿ ಹಚ್ಚಿಕೊಂಡು ತಿಂದರು. ನನಗೆ ಮೈ ಉರಿದುಹೋಯಿತು. ಊಟ ಮುಗಿದ ಮೇಲೆ ಬೇಕೆಂದೇ ಕೇಳಿದೆ, "ಹಾಗಾದ್ರೆ ಕಾಫಿನೂ ಬೇಡ ಅಲ್ವಾ ಕಾಕಾ? ಅದೂ ಆಮೇಲೆ ಬಂದಿದ್ದೇ."

ಕಾಕಾ ಗಡ್ಡ ನೀವಿಕೊಂಡರು. "ಕಾಫಿ ವಿಷಯದಾಗ ಇನ್ನೂ ಸಂಶೋಧನಾ ನಡದದ. ನೀ ಮಾಡು." ಆ ದಿನದ ಸಂಶೋಧನೆಗೆ ಮೂರು ಲೋಟ ಹಿಡಿಯಿತು.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇವರ ಪರೋಪಕಾರ. ಬಳಗದವರಿಗೆಲ್ಲ ಸೇರಿ ಒಂದು ಇ-ಮೇಲ್ ಪಟ್ಟಿ. ಚರ್ಮದ ಬೂಟು ಹೊಲಿಯುವುದು ಹೇಗೆ ಎಂದು ಒಬ್ಬ ಕೇಳಿದರೆ ಹತ್ತು ಜನ ಹೇಳುತ್ತಾರೆ. ನನ್ನ ಗ್ಯಾರೇಜಿನಲ್ಲಿ ಕುಲುಮೆ ಇದೆ, ಬಂದು ಬಳಸಿಕೊಳ್ಳಿ ಅನ್ನುತ್ತಾನೆ ಇನ್ನೊಬ್ಬ. ಯಾರ ಬಳಿ ಏನೇನಿದೆ ಎಂದು ಎಲ್ಲರೂ ಬರೆಯುತ್ತಿರುವಾಗ ಕಾಕಾ ಸುಮ್ಮನಿರುತ್ತಾರೆಯೇ? ಅವರೂ ಬರೆದರು: ಒರಳುಕಲ್ಲು ಒಂದು, ಹಿತ್ತಾಳೆ ಕೊಳಗ ಎರಡು, ಉಡುಗೆಯ ವಿಷಯದಲ್ಲಿ ಪರಿಣತಳಾದ ಸೊಸೆ ಒಬ್ಬಳು. ಕೆಳಗೆ ನಮ್ಮ ಮನೆಯ ಫೋನ್ ನಂಬರು! ಒರಳೂ ಕೊಳಗವೂ ನಮ್ಮ ಮನೆಯವೇ ಎಂದು ಬೇರೆ ಹೇಳಬೇಕಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಒಂದು ಮಂಗಳವಾರ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ಫೋನ್ ಬಂತು. ಬಳಗದ ಆಸ್ಟಿನ್ನಿನವನು, ಕಾಕಾನನ್ನು ನೋಡಿ ಧೋತಿಗೆ ಇಳಿದವನು, ಗುಡುಗಿನಂಥ ದನಿ.

"ಮೇಡಂ, ಕಾಳಗದಲ್ಲಿ ನನ್ನ ಧೋತಿ ನಿಲ್ಲುತ್ತಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಾನು ಕುತೂಹಲ ತಡೆಯಲಾರದೆ ಕೇಳಿದೆ, "ಪೂರ್ತಿ ಬಿಚ್ಚಿತಾ?"

"ಎದುರಾಳಿ ಕತ್ತಿ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡ, ಮೇಡಂ."

"ಹಾಗಾದರೆ ಗೆದ್ದಿರಿ!"

"ಇಲ್ಲ ಮೇಡಂ, ನಾನೂ ಕತ್ತಿ ಬಿಟ್ಟು ಧೋತಿ ಹಿಡಿದುಕೊಂಡೆ."

ಸಂಜೆ ಮತ್ತೆ ಫೋನ್ ಮಾಡಲು ಹೇಳಿ, ನಮ್ಮವರನ್ನು ನಡುಮನೆಯಲ್ಲಿ ನಿಲ್ಲಿಸಿ, ಅವರ ಸೊಂಟಕ್ಕೆ ಪಂಚೆ ಸುತ್ತುತ್ತ ಸುತ್ತುತ್ತ ಒಂದೊಂದೇ ಹೆಜ್ಜೆ ಹೇಳಿದೆ. ಕಚ್ಚೆ ಬಿಗಿಯಾಯಿತು. ಆತ ಮುಂದಿನ ಶನಿವಾರ ಗೆದ್ದನಂತೆ. ಗೆದ್ದವನು ಸುಮ್ಮನಿರಬೇಕೋ ಬೇಡವೋ? ಪಟ್ಟಿಯಲ್ಲಿ ನನ್ನ ಹೆಸರು ಹಿಡಿದು ಕೊಂಡಾಡಿಬಿಟ್ಟ. ಆ ವಾರ ಇನ್ನೂ ಒಂಬತ್ತು ಫೋನ್ ಬಂದವು.

ಆಮೇಲೆ ನಮ್ಮ ಈಳಿಗೆಮಣೆ ಕಾಕಾನ ವ್ಯಾನಿನಲ್ಲಿ ಹೋಯಿತು. ತಿಂಗಳಾದರೂ ಬರಲಿಲ್ಲ. ಕೇಳಿದರೆ ಕಾಕಾ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು: ಅವರ ಬಳಗದಲ್ಲಿ ಹೊಸಬರ ಪೆಟ್ಟಿಗೆ ಅಂತ ಒಂದಿದೆ. ಹೊಸದಾಗಿ ಬಂದವರಿಗೆ ಬಟ್ಟೆಬರೆ, ಪಾತ್ರೆಪಡಗ ಎಲ್ಲ ಅದರಿಂದ. ತಮ್ಮದು ಮಾಡಿಕೊಳ್ಳುವವರೆಗೆ ಬಳಸಬಹುದು.

"ಆಮೇಲೆ ವಾಪಸ್ ಕೊಡ್ತಾರೆ ತಾನೆ?" ಅಂದೆ.

"ಕೊಟ್ಟವ್ರಿಗೆ ಅಲ್ಲವಾ. ಮುಂದ ಬರೂ ಹೊಸಬ್ರಿಗೆ ಕೊಡ್ತಾರ. ಪದ್ಧತಿ ಹಂಗದ."

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಅದನ್ನೇ ಪದ್ಧತಿ ಮಾಡಿಕೊಂಡಿದ್ದಾರೆ ಮಹಾನುಭಾವರು! ಅಂದಿನಿಂದ ಕಾಕಾನ ವ್ಯಾನ್ ಬೀದಿಯ ತುದಿಯಲ್ಲಿ ಕಂಡರೆ ಸಾಕು, ನಾನು ಅಡುಗೆಮನೆಯ ಕಪಾಟುಗಳ ಬಾಗಿಲು ಹಾಕಿಬಿಡುತ್ತಿದ್ದೆ. ಬೀರುವಿನ ಬಾಗಿಲು ಹಾಕಬೇಕೆಂದು ಹೊಳೆಯಲಿಲ್ಲ.

ಆ ಬೀರುವಿನಲ್ಲಿ ಅಜ್ಜಿಯ ಸೀರೆ ಇತ್ತು. ಒಂಬತ್ತು ಗಜದ ರೇಷ್ಮೆ, ಬದನೆಕಾಯಿ ಬಣ್ಣ, ಕೈಯಗಲ ಜರಿ. ಅಜ್ಜಿ ತನ್ನ ಮದುವೆಯಲ್ಲಿ ಉಟ್ಟದ್ದು, ಅಮ್ಮ ನನ್ನ ಮದುವೆಯಲ್ಲಿ ಕೊಟ್ಟದ್ದು. ಅಜ್ಜಿಯದು ಅಂತ ನನ್ನ ಬಳಿ ಇದ್ದದ್ದು ಅದೊಂದೇ. ನಾನು ಆಫೀಸಿಗೆ ಹೋಗಿದ್ದ ಒಂದು ದಿನ ಕಾಕಾ ಬಂದು, ಆಸ್ಟಿನ್ ಕಡೆ ಸೀರೆ ಉಡುವುದನ್ನು ಕಲಿಸುತ್ತೇನೆ, ಒಂಬತ್ತು ಗಜದ್ದು ಬೇಕು ಅಂದರಂತೆ. ನಮ್ಮವರು ಕೊಟ್ಟರಂತೆ!

"ಎರಡು ದಿನ ಅಂದಾರ," ಎಂದರು ನಮ್ಮವರು, ನನ್ನ ಮುಖ ನೋಡದೆ.

ಎರಡು ದಿನ ಎಂಟು ತಿಂಗಳಾಯಿತು. ಕೇಳಿದಾಗಲೆಲ್ಲ "ಸುರಕ್ಷಿತ ಅದವಾ, ಸುರಕ್ಷಿತ ಅದ." ಅಷ್ಟರಲ್ಲಿ ಫ್ಲವರ್ ಮೌಂಡಿನ ನಮ್ಮ ಹೊಸ ಮನೆ ಸಿದ್ಧವಾಗಿ, ಗೃಹಪ್ರವೇಶದ ದಿನ ಗೊತ್ತಾಯಿತು. ಮೈಸೂರಿನಿಂದ ಅಮ್ಮ ಹೊರಟು ನಿಂತಳು. ಫೋನಿನಲ್ಲಿ ಅವಳ ಮೊದಲ ಮಾತೇ, "ಪೂಜೆಗೆ ಅಜ್ಜಿ ಸೀರೆ ಉಟ್ಕೋಬೇಕು ಕಣೇ. ಹೊಸ ಮನೆಗೆ ಅವಳೂ ಬಂದ ಹಾಗಾಗತ್ತೆ." ಹೂಂ ಅಂದೆ. ಅಮ್ಮ ಬರಲು ಇನ್ನು ಹತ್ತೇ ದಿನ.

ಕಾಕಾನನ್ನು ಫೋನಿನಲ್ಲಿ ಹಿಡಿದು ಕೂಗಾಡಿದೆ. ವಿಷಯ ಹೊರಬಿತ್ತು. ಸೀರೆ ಮೊದಲು ಹ್ಯೂಸ್ಟನ್ನಿನ ಒಬ್ಬ ನರ್ಸಮ್ಮನ ಬಳಿ ಇತ್ತಂತೆ. ಆಕೆ ಹಿಲ್‌ಕ್ರಾಫ್ಟಿನ ಅಂಗಡಿಯಲ್ಲಿ ತನ್ನದೇ ಸೀರೆ ಕೊಂಡ ಮೇಲೆ, ಪದ್ಧತಿಯಂತೆ, ಆಸ್ಟಿನ್ನಿನ ಲೈಬ್ರರಿಯವಳಿಗೆ ಕೊಟ್ಟಳಂತೆ. "ಶನಿವಾರ ಆಸ್ಟಿನ್ ಹತ್ರ ಶಿಬಿರ ಅದ, ಆಕಿ ಬರ್ತಾಳ. ನೀನೂ ಬಾ, ನೂರು ಮಂದಿಗೆ ನಂದ ಅಡಿಗಿ." ಕರೆಯುವ ಧೈರ್ಯ ನೋಡಿ!

ಶನಿವಾರ ಬೆಳಗ್ಗೆಯೇ ಹೊರಟು ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಸಾಲಾಗಿ ಜೋಡಿಸಿಕೊಂಡೆ. ಶಿಬಿರದ ಬಾಗಿಲಲ್ಲಿ ಕಬ್ಬಿಣದ ಉಂಗುರ ಹೆಣೆದ ಅಂಗಿ ತೊಟ್ಟ ದಢಿಯ ತಡೆದ. ಜೀನ್ಸ್ ಹಾಕಿಕೊಂಡವರನ್ನು ಒಳಗೆ ಬಿಡುವುದಿಲ್ಲವಂತೆ! ಪಕ್ಕದಲ್ಲೇ ಇತ್ತು ಆ ಸುಪ್ರಸಿದ್ಧ ಹೊಸಬರ ಪೆಟ್ಟಿಗೆ, ಫ್ರಿಜ್ಜಿನಷ್ಟು ದೊಡ್ಡದು. ನಮ್ಮವರಿಗೆ ಅದರಿಂದ ಸಿಕ್ಕಿದ್ದು ಹಸಿರು ಬಿಗಿ ಚಲ್ಲಣ, ಮೇಲೊಂದು ಗಿಡ್ಡ ಅಂಗಿ. ನನ್ನನ್ನು ಮದುವೆಯಾದವರು ಇವರೇ ಎಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

"ಹಗೂರ ಅನಸ್ತದ," ಎಂದು ಕಾಲು ಎತ್ತಿ ತೋರಿಸಿದರು ಬೇರೆ.

ನನಗೆ ಕಂದು ಬಣ್ಣದ ನಿಲುವಂಗಿ, ನೆಲ ಗುಡಿಸುವಷ್ಟು ಉದ್ದ. ನಾನು ಎಡವುವ ಮೊದಲೇ ಯಾರೋ ಮುದುಕಿ ಮಂಡಿಯೂರಿ ಕೂತು ಅಂಚಿಗೆ ನಾಲ್ಕು ಹೊಲಿಗೆ ಹಾಕಿದಳು. ಇದು ಯಾರದು ಎಂದು ಕೇಳಿದೆ. "ಗೊತ್ತಿಲ್ಲ. ನಾನು ಬಂದ ಮೊದಲ ದಿನ ನನಗೂ ಇದನ್ನೇ ಕೊಟ್ಟಿದ್ದರು," ಎಂದು ನಕ್ಕಳು. ನನಗೆ ನಗುವ ಮನಸ್ಸಿರಲಿಲ್ಲ.

ಅಡುಗೆಯ ಡೇರೆಯ ಬಳಿ ಕಾಕಾ ಪೇಟ ಸುತ್ತಿಕೊಂಡು ಕಾಳುಮೆಣಸಿನ ಸಾರು ಕಲಕುತ್ತಿದ್ದರು. ಸುತ್ತಮುತ್ತ ಸೀರೆಯುಟ್ಟ ಹೆಂಗಸರು, ಕಚ್ಚೆ ಹಾಕಿ, ಸೆರಗು ಹೊದ್ದು. ಒಬ್ಬಳು ತರಕಾರಿ ಹೆಚ್ಚುತ್ತಿದ್ದಾಳೆ, ಒಬ್ಬಳು ನೀರು ಹೊರುತ್ತಿದ್ದಾಳೆ. ಅವರ ನಡುವೆ, ಹಿಟ್ಟು ನಾದುತ್ತಿದ್ದ ಕನ್ನಡಕದ ಹೆಂಗಸಿನ ಮೈಮೇಲೆ ಬದನೆಕಾಯಿ ಬಣ್ಣದ ನನ್ನಜ್ಜಿ ಸೀರೆ! ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಮರೆತು ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಕಾಕಾ, ಅದು ನಮ್ಮಜ್ಜೀದು! ಬೇರೆಯವರ ಮನೇದನ್ನ ದಾನ ಮಾಡಕ್ಕೆ ನೀವ್ಯಾರು? ನಿಮ್ಮದೇನಾದ್ರೂ ಇದ್ರೆ ಕೊಡಿ!"

ಕಾಕಾನ ಸೌಟು ನಿಂತಿತು. "ತಪ್ಪಾತವಾ," ಎಂದರು.

ಕನ್ನಡ ಬಾರದಿದ್ದರೂ ಲೈಬ್ರರಿಯವಳಿಗೆ ಅರ್ಥವಾಯಿತು. ಡೇರೆಯೊಳಗೆ ಹೋಗಿ ಬಟ್ಟೆ ಬದಲಾಯಿಸಿ ಬಂದು, ಮಡಿಸಿದ ಸೀರೆಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಜೊತೆಗೆ ನಾಲ್ಕು ಪುಟದ ಕಾಗದ, ಕಾಕಾನ ಕೈಬರಹ. ತಣ್ಣೀರಲ್ಲೇ ನೆನೆಸಬೇಕು, ನೆರಳಲ್ಲೇ ಒಣಗಿಸಬೇಕು, ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ರೇಷ್ಮೆ ಸೀಳುತ್ತದೆ. ಒಂದು ತಿಂಗಳೂ ತಪ್ಪಿಸಿಲ್ಲ ಎಂದಳು. ನಿಜಕ್ಕೂ ಒಂದು ನೂಲು ಎದ್ದಿರಲಿಲ್ಲ. ಸೀರೆಯನ್ನು ಎದೆಗೆ ಅವುಚಿಕೊಂಡೆ. ಆದರೂ ಕಾಕಾನ ಮೇಲಿನ ಸಿಟ್ಟು ಇಳಿಯಬೇಕಲ್ಲ!

"ಯಾಕೆ ನಂದೇ ಬೇಕಿತ್ತು ನಿಮಗೆ?"

"ಕಲಿಯಾವ್ರು ಹನ್ನೆರಡು ಮಂದಿ ಬಂದ್ರವಾ. ನನ್ನ ಹತ್ರ ಹನ್ನೊಂದ ಇದ್ವು."

"ನಿಮ್ಮತ್ರ ಎಲ್ಲಿದ್ವು ಹನ್ನೊಂದು ಸೀರೆ?"

ಕಾಕಾ ಮತ್ತೆ ಸಾರು ಕಲಕತೊಡಗಿದರು. ನಾನು ತಿರುಗಿ ಆ ಹೆಂಗಸರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಎಲ್ಲವೂ ಇಲಕಲ್. ಕೆಂಪು ದಡಿ, ಬಿಳಿ-ಕೆಂಪು ಸೆರಗು. ಆ ಗಿಳಿಹಸಿರಿನದು, ನಾನು ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಕಾಕು ಉಟ್ಟಿದ್ದು. ಆ ಕರಿಚಂದ್ರಕಾಳಿ, ಕಾಕು ಸಂಕ್ರಾಂತಿಗೆ ಉಡುತ್ತಿದ್ದದ್ದು. ಹನ್ನೊಂದೂ ಕಾಕುವಿನವು.

"ಕಪಾಟದಾಗ ಇಟ್ಟಿದ್ದೆ," ಎಂದರು ಕಾಕಾ, ಸಾರಿನ ಕಡೆ ನೋಡುತ್ತಾ. "ತಿಂಗಳಿಗೊಮ್ಮಿ ತಗದು ಮಡಿಕಿ ಬದ್ಲಿ ಮಾಡ್ತಿದ್ದೆ. ಒಬ್ಬನ ಕೂತು ಹನ್ನೊಂದು ಸೀರಿ ಮಡಚೂದು… ಆಗಲಿಲ್ಲವಾ ನನ್ನ ಕಡಿಂದ."

ನನಗೆ ಅಳು ಬಂದುಬಿಟ್ಟಿತು. ನಿಮ್ಮದೇನಾದರೂ ಇದ್ದರೆ ಕೊಡಿ ಎಂದು ಅಷ್ಟು ಜನರೆದುರು ಅಂದಿದ್ದೆನಲ್ಲ, ನಾಚಿಕೆಯಾಯಿತು. ಏನಾದರೂ ಮಾಡಬೇಕು, ಏನು ಮಾಡಬೇಕೋ ತಿಳಿಯದು. ಅಷ್ಟರಲ್ಲಿ ಆ ಗಿಳಿಹಸಿರು ಸೀರೆಯ ಎತ್ತರದ ಹುಡುಗಿ ಸೌದೆಯ ಹೊರೆ ಹೊತ್ತು ಬಂದಳು. ಅವಳ ಸೆರಗು ಜಾರುತ್ತಿತ್ತು. ಹೆಜ್ಜೆಗೊಮ್ಮೆ ಜಾರುತ್ತಿತ್ತು, ಅವಳು ಗಲ್ಲದಿಂದಲೇ ಒತ್ತಿ ಹಿಡಿಯುತ್ತಿದ್ದಳು. ನನ್ನ ಬಳೆಯಲ್ಲಿದ್ದ ಪಿನ್ನು ತೆಗೆದುಕೊಂಡು ಅವಳ ಕಡೆ ಹೊರಟೆ.

ಕಾಕಾ ನನ್ನ ಕೈ ಹಿಡಿದರು.

"ಬ್ಯಾಡವಾ, ಪಿನ್ ಹಚ್ಚಬ್ಯಾಡ. ಜಾರ್ಲಿ ಬಿಡು. ನಿಮ್ಮ ಕಾಕೂಂದೂ ಹಂಗ ಜಾರ್ತಿತ್ತು."