ಅರಿಶಿನ ಹಚ್ಚಿದ ವಿಮಾ ಪತ್ರ ಮತ್ತು ಬೂದು ಕೊಕ್ಕರೆ ಕಂಪನಿ

ಬೂದು ಕೊಕ್ಕರೆ ವಿಮಾ ಕಂಪನಿಯ ಹಳೆಯ ಹೊಣೆಗಳ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಅಮೆರಿಕದ ಪಶ್ಚಿಮ ತುದಿಯ ಲಿನ್‌ವುಡ್‌ನಿಂದ ವಸಂತಲಕ್ಷ್ಮಿ ಮಾಡುವ ನಮಸ್ಕಾರಗಳು. ಇಲ್ಲಿ ನಾನು, ನನ್ನ ಗಂಡ ಧನಂಜಯ, ಅತ್ತೆ ನಿಂಗವ್ವ ಹಾಗೂ ನಮ್ಮ ಅಂಗಡಿಯ ನೆಲದಡಿಯ ವಿಷ, ಎಲ್ಲರೂ ಕ್ಷೇಮ. ತಾವೂ, ತಮ್ಮ ಲಾಂಛನದಲ್ಲಿ ಒಂಟಿ ಕಾಲಿನ ಮೇಲೆ ಕಣ್ಣು ಮುಚ್ಚಿ ನಿಂತಿರುವ ಕೊಕ್ಕರೆಯೂ ಕ್ಷೇಮವೆಂದು ನಂಬಿದ್ದೇನೆ. ಬಕಧ್ಯಾನ ಎಂಬ ಮಾತು ನಮ್ಮ ಕಡೆ ಬಹಳ ಹಿಂದಿನಿಂದ ಇದ್ದರೂ, ಅದರ ಚಿತ್ರ ಬರೆಸಿ ಕಾಗದದ ತಲೆಯ ಮೇಲೆ ಅಚ್ಚು ಹಾಕಿಸುವಷ್ಟು ಪ್ರಾಮಾಣಿಕತೆಯನ್ನು ನಾನು ತಮ್ಮಲ್ಲಿ ಮಾತ್ರ ಕಂಡಿದ್ದೇನೆ.

ಆಫೀಸಿನವರು ನನ್ನನ್ನು ಗೌರವದಿಂದ ಮನೆಗೆ ಕಳಿಸಿದ ಮೇಲೆ ನಾವು ಕೂಡಿಟ್ಟದ್ದನ್ನೆಲ್ಲ ಸುರಿದು, ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು, ಲೈಟ್ ರೈಲು ನಿಲ್ದಾಣದ ಬಳಿ ಒಂದು ಹಳೆಯ ಅಂಗಡಿ ಕೊಂಡೆವು. ಅಲ್ಲೊಂದು ಖಾನಾವಳಿ ತೆರೆದು, ಗದಗಿನ ಅತ್ತೆಯವರ ಕೈಯ ಜೋಳದ ರೊಟ್ಟಿ, ಎಣ್ಣೆಗಾಯಿಗಳನ್ನು ರೈಲಿಳಿದು ಬರುವ ಜನಕ್ಕೆ ಉಣಿಸುವುದು ನಮ್ಮ ಆಸೆಯಾಗಿತ್ತು. ಕೊಳ್ಳುವ ಮೊದಲು ವಾಸ್ತು ನೋಡಿಸಿದೆವು, ಬಾಗಿಲು ಪೂರ್ವಕ್ಕಿದೆಯೆಂದು ಹಿಗ್ಗಿದೆವು. ಮಣ್ಣನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಐವತ್ತು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ ಡ್ರೈ ಕ್ಲೀನಿಂಗ್ ನಡೆಯುತ್ತಿತ್ತಂತೆ. ಯಂತ್ರದ ದ್ರಾವಣ ಹಿಂದಿನ ಕೋಣೆಯ ಬಿರುಕಿನಿಂದ ನೆಲಕ್ಕಿಳಿದು, ಈಗ ಆವಿಯಾಗಿ ಮೇಲೇಳುತ್ತಿದೆ. ನೆಲ ಈಗ ಯಾರದೋ ಅವರೇ ಅದನ್ನು ಶುಚಿ ಮಾಡಬೇಕು, ಅಲ್ಲಿಯವರೆಗೆ ಒಳಗೆ ಒಲೆ ಹೊತ್ತಿಸುವಂತಿಲ್ಲ ಎಂದು ಸರ್ಕಾರ ಹೇಳಿದೆ. ಒಲೆ ಹೊತ್ತದಿದ್ದರೆ ಬ್ಯಾಂಕಿನ ಕಂತು ಕಟ್ಟಲಾಗದು, ಕಂತು ಕಟ್ಟದಿದ್ದರೆ ಮನೆ ಉಳಿಯದು. ಇಷ್ಟೇ ನಮ್ಮ ಕಥೆ.

ಆಗ ನಮ್ಮ ವಕೀಲ ಅಭಿನವ್ ಒಂದು ದಾರಿ ತೋರಿಸಿದರು. ಆ ಕಾಲದಲ್ಲಿ ವ್ಯಾಪಾರಿಗಳು ಕೊಂಡ ಹೊಣೆಗಾರಿಕೆ ವಿಮೆಗೆ ವಯಸ್ಸಾಗುವುದಿಲ್ಲ, ಆ ವರ್ಷಗಳಲ್ಲಿ ನೆಲಕ್ಕಾದ ಹಾನಿಗೆ ಅದು ಇಂದಿಗೂ ಉತ್ತರ ಕೊಡಬೇಕು ಎಂದರು. ಡ್ರೈ ಕ್ಲೀನಿಂಗ್ ನಡೆಸಿದ ವಾಲ್ಟರ್ ಎಂಬ ಹಿರಿಯರು ಇಲ್ಲೇ ಹತ್ತಿರದ ಸ್ನೊಕ್ವಾಲ್ಮಿ ಊರಿನಲ್ಲಿದ್ದಾರೆ; ಅವರು ಸಂಕೋಚಪಟ್ಟು, ಕಾಫಿ ಕೊಟ್ಟು, ಆ ವಿಮೆಯ ಹಕ್ಕನ್ನು ನಮ್ಮ ಹೆಸರಿಗೆ ಬರೆದುಕೊಟ್ಟರು. ವಿಮೆ ಕೊಟ್ಟದ್ದು ತಮ್ಮ ಕಂಪನಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ವಿಮೆಯ ವ್ಯವಹಾರ ನೋಡಿಯೇ ಹುಟ್ಟಿತೇನೋ ಎಂದು ನನಗೆ ಆಮೇಲೆ ಅನ್ನಿಸಿತು.

ಮೊದಲು ತಾವು ಅಂಥ ವಿಮೆಯೇ ಇಲ್ಲವೆಂದಿರಿ. ನಂತರ, ಇದ್ದರೆ ಮೂಲ ಪ್ರತಿಯನ್ನೇ ಕಳಿಸಿ, ನಕಲು ಬೇಡ ಎಂದಿರಿ. ಐವತ್ತು ವರ್ಷದ ಕಾಗದವನ್ನು ಯಾರು ಇಟ್ಟಿರುತ್ತಾರೆಂಬ ತಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವಾಲ್ಟರ್ ಅವರು ಏನನ್ನೂ ಬಿಸಾಡದ ಜಾತಿಯವರಾದ್ದರಿಂದ ಅದು ಅವರ ಗ್ಯಾರೇಜಿನಲ್ಲಿ, ಕ್ರಿಸ್‌ಮಸ್ ದೀಪಗಳ ಕೆಳಗೆ ಸಿಕ್ಕಿತು.

ಮಹತ್ವದ ಕಾಗದವನ್ನು ದೇವರ ಮುಂದಿಡದೆ ನಮ್ಮಲ್ಲಿ ಯಾರೂ ಹೊರಗೆ ಕಳಿಸುವುದಿಲ್ಲ. “ಇಷ್ಟು ವರ್ಷ ಕಾದ ಕಾಗದ ಐತಿ, ಬರೇ ಹಣೀಲೆ ಹ್ಯಾಂಗ ಕಳಸೂದು” ಎಂದು ಅತ್ತೆಯವರು ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಡುವೆ ಕುಂಕುಮವಿಟ್ಟರು. ಕುಂಕುಮ ಬಿದ್ದದ್ದು ವಿಮೆಯ ಸಂಖ್ಯೆಯ ಮೇಲೆ. ಹಾಗೆಯೇ ತಮಗೆ ಕಳಿಸಿದೆವು. ಕೂಡಲೇ ತಮ್ಮಿಂದ ಉತ್ತರ ಬಂತು: ದಾಖಲೆಯ ಮೇಲೆ ಗುರುತು ಸಿಗದ ಹಳದಿ ವಸ್ತುವಿನ ಮಾಲಿನ್ಯವಿದೆ, ಆದಕಾರಣ ಅದರ ಸಾಚಾತನ ಸಂಶಯಾಸ್ಪದ, ಪರೀಕ್ಷೆಗಾಗಿ ಪ್ರಯೋಗಾಲಯಕ್ಕೆ ಕಳಿಸಲಾಗಿದೆ.

ಮಾನ್ಯರೇ, ಆ ಸೂಕ್ಷ್ಮ ಮೂಗಿಗೆ ನನ್ನ ಪ್ರಣಾಮಗಳು. ಐವತ್ತು ವರ್ಷದಿಂದ ನೆಲದಡಿ ಕೂತಿರುವ ವಿಷದ ವಾಸನೆ ತಮಗೆ ಹತ್ತಲಿಲ್ಲ, ಒಂದು ಚಿಟಿಕೆ ಅರಿಶಿನದ್ದು ಮಾತ್ರ ದೇಶದ ಆ ತುದಿಯ ತಮ್ಮ ಕಚೇರಿಯವರೆಗೂ ಹೋಗಿ ಬಡಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾವಾದರೋ ನೆಲದ ಸುದ್ದಿಯನ್ನೇ ಎತ್ತದೆ ಕಾಗದ ಡೊಂಕು ಅಂದಿದ್ದೀರಿ.

ಅದೇ ಪತ್ರದಲ್ಲಿ, ವಿಷದ ಯಾವ ಹನಿ ತಮ್ಮ ವಿಮೆಯ ಅವಧಿಯಲ್ಲಿ ನೆಲಕ್ಕಿಳಿಯಿತು, ಯಾವುದು ಆಮೇಲೆ ಇಳಿಯಿತು ಎಂದು ತೋರಿಸಲೂ ಅಪ್ಪಣೆಯಾಗಿದೆ. ಹನಿಗಳ ಜಾತಕ ಬರೆಸಲು ಗದಗಿನ ಜೋಯಿಸರನ್ನು ಕೇಳಿದ್ದೇವೆ, ಹುಟ್ಟಿದ ಗಳಿಗೆ ಬೇಕಂತೆ. ಆದ್ದರಿಂದ ತಮ್ಮ ವಿಭಾಗದ ಅನುಭವಿಗಳೊಬ್ಬರನ್ನು ಕಳಿಸಿಕೊಡಬೇಕು. ಅವರು ನೆಲದಡಿ ಇಳಿದು, ಹನಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ವಯಸ್ಸು ವಿಚಾರಿಸಿ, ತಮ್ಮವನ್ನು ತಾವು ಕರೆದುಕೊಂಡು ಹೋಗಲಿ. ಉಳಿದವನ್ನು ನಾವು ಸಾಕಿಕೊಳ್ಳುತ್ತೇವೆ.

ಒಂದು ವಿಷಯವನ್ನು ಮಾತ್ರ ನಗದೆ ಹೇಳಬೇಕಾಗಿದೆ. ತಮ್ಮ ಪತ್ರದ ಅರ್ಥ ಕೇಳಿದ ದಿನದಿಂದ ಅತ್ತೆಯವರು “ನನ್ನ ಕೈಲೆ ಕೆಟ್ಟೋತು” ಎಂದು ಕೂತುಬಿಟ್ಟರು. ರೊಟ್ಟಿಯ ಹಂಚುಗಳಿಗೆ ಬಟ್ಟೆ ಮುಚ್ಚಿದರು, ಮೊಮ್ಮಗಳು ಕೀರ್ತಿಯ ಮದುವೆಯ ಕರೆಯೋಲೆಗೆ ಅರಿಶಿನ ಹಚ್ಚಿಕೊಡಿ ಎಂದರೆ ಕೈ ಹಿಂದಕ್ಕೆಳೆದುಕೊಂಡರು. ತಾವು ಹಣ ಕೊಡದಿದ್ದುದಕ್ಕೆ ನನಗೆ ನೋವಾಯಿತು, ಆದರೆ ಆ ಮುದುಕಿಯ ಕೈಯನ್ನು ಮೈಲಿಗೆ ಮಾಡಿದ್ದಕ್ಕೆ ನನಗೆ ಬಂದದ್ದು ಸಿಟ್ಟು, ಅದು ಇನ್ನೂ ಇಳಿದಿಲ್ಲ.

ಕೊನೆಯದಾಗಿ ಕೃತಜ್ಞತೆ. ನಾವು ತಮ್ಮ ಮೇಲೆ ದಾವೆ ಹೂಡಿರುವುದರಿಂದ, ಕೋರ್ಟಿನ ನಿಯಮದಂತೆ ತಾವು ನಮಗೂ ಕಳಿಸಲೇಬೇಕಾಗಿದ್ದ ಪ್ರಯೋಗಾಲಯದ ವರದಿ ಮೊನ್ನೆ ತಲುಪಿತು. ಹಳದಿ ವಸ್ತು ಅಡುಗೆಮನೆಯ ಅರಿಶಿನವೆಂದೂ, ಕುಂಕುಮದ ಕೆಳಗೆ ವಿಮೆಯ ಸಂಖ್ಯೆ ಅಳಿಯದೆ ಇದೆಯೆಂದೂ, ಕಾಗದ ಮತ್ತು ಮಸಿ ನಿಸ್ಸಂಶಯವಾಗಿ ಆ ಕಾಲದವೇ ಎಂದೂ ಅದರಲ್ಲಿದೆ. “ಮೇಡಂ, ಇದನ್ನ ನಾವು ಪ್ರೂವ್ ಮಾಡೋಕೆ ಹೋಗಿದ್ರೆ ವರ್ಷಗಟ್ಟಲೆ ಆಗ್ತಿತ್ತು, ಅವರೇ ಖರ್ಚು ಮಾಡಿ ಪ್ರೂವ್ ಮಾಡಿ ಕೊಟ್ಟಿದಾರೆ” ಎಂದು ಅಭಿನವ್ ಫೋನಿನಲ್ಲೇ ನಕ್ಕರು. ಅದನ್ನು ನಾನು ಅತ್ತೆಯವರಿಗೆ ಎರಡು ಸಲ ಓದಿ ಹೇಳಿದೆ.

ತಮ್ಮ ಚೆಕ್ಕಿನ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ವಸಂತಲಕ್ಷ್ಮಿ

ತಾ.ಕ.: ಆ ವರದಿ ನಾಳೆ ಕೋರ್ಟಿಗೆ ಹೋಗುತ್ತಿದೆ. ಇಂದು ಬೆಳಿಗ್ಗೆ ಅತ್ತೆಯವರು ತಾವಾಗಿಯೇ ಎದ್ದು ಬಂದು ಅದರ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದರು. ತಮಗೆ ಸಂಶಯ ಬಂದರೆ ದಯವಿಟ್ಟು ಇದನ್ನೂ ಪರೀಕ್ಷೆಗೆ ಕಳಿಸಬೇಕಾಗಿ ವಿನಂತಿ.