ಅತ್ತೆಯ ಇಸಬು

ನಮ್ಮ ಸೋದರತ್ತೆ ಬಂದು ಹೋದ ಮನೆಯಲ್ಲಿ ಬಾಚಣಿಗೆ, ಲಟ್ಟಣಿಗೆ, ಅಡಿಪಟ್ಟಿ ಯಾವುದೂ ಇಟ್ಟ ಜಾಗದಲ್ಲಿ ಸಿಗುವುದಿಲ್ಲ. ಹಾಗಂತ ಅತ್ತೆ ಕಳ್ಳಿಯಲ್ಲ. ಅವಳ ಎರಡೂ ಕಾಲಿನ ಹರಡಿನ ಹತ್ತಿರ ಇಸಬು ಇದೆ. ಕೈಗೆ ಸಿಕ್ಕಿದ್ದರಲ್ಲಿ ಕೆರೆದುಕೊಳ್ಳುತ್ತಾಳೆ, ಅಷ್ಟೆ. ಗಂಗಾವತಿಯ ಅವಳ ಮನೆಯ ಬಾಗಿಲ ಚೌಕಟ್ಟು ಗೇಣೆತ್ತರದಲ್ಲಿ ನುಣ್ಣಗೆ ಸವೆದಿದೆ. ಬಡಿಗ ಎಷ್ಟು ಉಜ್ಜಿದ್ದರೂ ಆ ಹೊಳಪು ಬರುತ್ತಿರಲಿಲ್ಲ.

ಅತ್ತೆಗೆ ಮೊದಲು ಬದನೆಕಾಯಿಯ ಮೇಲೆ ಅನುಮಾನ ಬಂತು. ಆಮೇಲೆ ಅಕ್ಕಿ ಗಿರಣಿಯ ಧೂಳಿನ ಮೇಲೆ, ಕೊನೆಗೆ ನೆರೆಮನೆಯವಳ ಕಣ್ಣಿನ ಮೇಲೆ. ನೆರೆಮನೆಯವಳು ಮಾತು ಬಿಟ್ಟ ಮೇಲೆ ನಾನು ಅತ್ತೆಯನ್ನು ಕೊಪ್ಪಳಕ್ಕೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. "ನೋಡ್ರಿ ಅಮ್ಮಾ, ಚರ್ಮದಾಗ ನರ ಅದಾವ. ರೋಗದ ಕೂಡ ಹೊಡೆದಾಡೋ ಕಣಾನೂ ಅದಾವ. ನೀವು ಕೆರಕೊಂಡ್ರ ನರ ಆ ಕಣಗಳನ್ನ ಎಬ್ಬಸ್ತಾವ. ಅವು ಎದ್ದು ಬಾವು ತರ್ತಾವ, ಏನೇನೋ ರಸ ಬಿಡ್ತಾವ. ಆ ರಸ ನರಕ್ಕ ತಾಗಿ ಮತ್ತ ತುರಸ್ತೈತಿ."

ಅತ್ತೆ ಯೋಚಿಸಿದಳು. "ಅಂದ್ರ ಚಾಡಿ ಹೇಳೋದು ನರ, ಬಡದಾಡೋದು ಕಣ. ನಡುವ ಬೆಂಕಿ ಹಚ್ಚಾವ್ರು ಯಾರ್ರಿ?"

"ನಿಮ್ಮ ಉಗುರು."

ಬಸ್ಸಿನಲ್ಲಿ ಗಂಗಾವತಿ ಬರುವವರೆಗೂ ಅತ್ತೆ ತನ್ನ ಉಗುರುಗಳನ್ನು ನೋಡುತ್ತಾ ಕೂತಿದ್ದಳು. ಸ್ವಂತ ಮಕ್ಕಳು ಪೊಲೀಸರ ಕೈಗೆ ಸಿಕ್ಕಿಬಿದ್ದರೆ ತಾಯಿ ನೋಡುವ ಹಾಗೆ.

ಮರುದಿನದಿಂದ ಮುಲಾಮು ಹಚ್ಚಿ, ಮಾವನ ಕಾಲುಚೀಲಗಳನ್ನು ಎರಡೂ ಕೈಗೆ ತೊಟ್ಟಳು. ಕುಷ್ಟಗಿಯ ಒಂದು ಮದುವೆಗೂ ಹಾಗೆಯೇ ಹೋದಳು. ಎಸೆದ ಅಕ್ಷತೆಯಲ್ಲಿ ಅರ್ಧ ವಧೂವರರಿಗೆ ಬಿತ್ತು, ಅರ್ಧ ಚೀಲಕ್ಕೆ ಅಂಟಿಕೊಂಡಿತು. ಹುಡುಗಿಯ ತಾಯಿ ಗಾಬರಿಯಾಗಿ, "ಕೈಗೆ ಏನಾಗೈತ್ರಿ?" ಎಂದು ಕೇಳಿದರು.

"ಕೈಗೇನಾಗೇತಿ? ಆಗಿದ್ದು ಕಾಲಿಗೆ," ಎಂದಳು ಅತ್ತೆ.

ಚೀಲದ ವ್ರತ ಬೇಸಿಗೆಯ ಸೆಕೆಗೆ ಮುರಿಯಿತು. ಚಿಂತೆ ಹೆಚ್ಚಾದರೆ ತುರಿಕೆಯೂ ಹೆಚ್ಚುತ್ತದೆ ಎಂದು ಚರ್ಮದ ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ, ನನ್ನ ಅಪ್ಪನಿಗೆ, ಅಂದರೆ ಅತ್ತೆಯ ಅಣ್ಣನಿಗೆ, ಎದೆಯ ಆಪರೇಷನ್ ಎಂದಾಗ, "ನೀ ಮನ್ಯಾಗ ಇರು" ಎಂದೆ. ಅವಳು ಕೇಳಲಿಲ್ಲ. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾಗಿಲು ತೆರೆದು ಡಾಕ್ಟರು "ಪಾರಾದ್ರು" ಎನ್ನುವವರೆಗೂ ಬಿಡಲಿಲ್ಲ.

ಬಿಟ್ಟವಳೇ ಬಗ್ಗಿ, ಕಣ್ಣು ಮುಚ್ಚಿ, ಎರಡೂ ಕಾಲನ್ನು ಪರಪರ ಕೆರೆದುಕೊಂಡಳು.

"ಇಷ್ಟೊತ್ತು ತುರಸ್ಲಿಲ್ಲೇನ್ ಅತ್ತಿ?"

"ಜೀವ ಹೋಗೂವಂಗ ತುರಸ್ತಿತ್ತು," ಎಂದಳು. "ಕೈ ಖಾಲಿ ಇರ್ಲಿಲ್ಲಲ್ಲೋ."