ಬಾನೆಟ್ ಎತ್ತಿದಾಗೆಲ್ಲ ಇಳಿದ ಮರ್ಯಾದೆ

ಶಹಾಪುರದಲ್ಲಿ ಗ್ಯಾರೇಜು ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಚಾಲೂ ಆಗದ ಕಾರಿನ ಮುಂದೆ ನಾಲ್ಕು ಜನ ಕೂಡಿದರೆ ನನ್ನ ಮಾನ ಹೋಗುವುದು ಇನ್ನೂ ನಿಂತಿಲ್ಲ. ಕೆಲಸ ಬರುವುದಿಲ್ಲ ಅಂತಲ್ಲ, ಬರುತ್ತದೆ. ಬರುತ್ತದೆ ಎನ್ನುವ ಸೊಕ್ಕೇ ನನ್ನ ರೋಗ. ಯಾದಗಿರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು: “ಮೊದ್ಲು ಕೇಳು, ಆಮ್ಯಾಲ ನೋಡು, ಕಡೀಕ ಪಾನಾ ಹಿಡಿ.” ನಾನು ಮೊದಲು ಪಾನಾ, ಅಂದರೆ ಸ್ಪ್ಯಾನರು, ಹಿಡಿಯುವ ಗಿರಾಕಿ. ಇದರಿಂದ ಒಮ್ಮೆ ಮಗಳ ಸಂಬಂಧವೇ ಮುರಿಯುವುದರಲ್ಲಿತ್ತು. ಅದನ್ನು ಕಡೆಗೆ ಹೇಳುತ್ತೇನೆ, ಮೊದಲು ಸಣ್ಣ ನಾಚಿಕೆಗಳು ಮುಗಿಯಲಿ.

ಮಾಸ್ತರರ ತಾಯಿಯ ಕೌದಿ

ಕೆಂಭಾವಿಯ ಮಾಸ್ತರರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ವಾರವಾಗಿತ್ತು. ಮುಂಜಾನೆಯೇ ಫೋನು. “ಮಿಸ್ತ್ರಿ, ನಿನ್ನಿ ತನಕ ಚಲೋ ಇತ್ರಿ. ಇವತ್ತು ಚಾಲೂನೇ ಆಗವಲ್ದು.”

ಹೋದೆ. ಕಾರಿನೊಳಗೆ ಕಾಲಿಡುವಾಗ ಅವರ ತಾಯಿ, “ಯಪ್ಪಾ, ಚಪ್ಲಿ ಬಿಟ್ಟು ಕೂಡು. ಕೆಳಗ ಕೌದಿ ಹಾಸೀನಿ” ಅಂದರು. ಮಗನ ಕಾರು ಮಣ್ಣಾಗಬಾರದೆಂದು ಹಳೆ ಸೀರೆಗಳಿಂದ ತಾವೇ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಚಪ್ಪಲಿ ಬಿಟ್ಟು ಕೂತೆ. ಕೀ ತಿರುವಿದೆ. ಸದ್ದಿಲ್ಲ.

“ಸ್ಟಾರ್ಟರ್ ಹೋಗ್ಯದ,” ಎಂದು ಅಲ್ಲೇ ತೀರ್ಪು ಕೊಟ್ಟೆ.

ಕಾರಿನಡಿ ಮಲಗಿ ಸ್ಟಾರ್ಟರ್ ಬಿಚ್ಚಿದೆ, ತಿಕ್ಕಿದೆ, ತಿರುಗಿ ಜೋಡಿಸಿದೆ. ಎರಡು ತಾಸು ಹೋಯಿತು. ಮೈಯೆಲ್ಲ ಗ್ರೀಸು ಮಾಡಿಕೊಂಡು ಎದ್ದು ಬಂದ ನನ್ನನ್ನು ನೋಡಿ ಆ ತಾಯಿ ಗಾಬರಿಯಾಗಿ ಕೌದಿ ಎಳೆದುಕೊಂಡರು. ಕೂತು ಕೀ ತಿರುವಿದೆ. ಒಂದೇ ಏಟಿಗೆ ಚಾಲೂ!

“ನೋಡಿದ್ರೇನ್ರಿ? ಕಾರ್ಬನ್ ಕುಂತಿತ್ತು ಒಳಗ,” ಅಂದೆ. ಅದು ಸುಳ್ಳು. ಒಳಗೆ ಏನೂ ಇರಲಿಲ್ಲ.

ನಾನಿಳಿದ ಮೇಲೆ ತಾಯಿ ಮತ್ತೆ ಕೌದಿ ಹಾಸಿದರು. ಮಾಸ್ತರರು ಕೂತರು. ಸದ್ದಿಲ್ಲ. ಕೌದಿ ತೆಗೆದರು, ಚಾಲೂ. ಹಾಸಿದರು, ಬಂದ್. ಕ್ಲಚ್ಚನ್ನು ತಳಕ್ಕೆ ಮುಟ್ಟುವವರೆಗೆ ತುಳಿದರೆ ಮಾತ್ರ ಚಾಲೂ ಆಗುವ ಗಾಡಿ ಅದು. ಕೌದಿ ಅದನ್ನು ತಳಕ್ಕೆ ಹೋಗಗೊಡುತ್ತಿರಲಿಲ್ಲ. ಇದನ್ನು ನಾನು ಎರಡು ತಾಸಿನ ಹಿಂದೆಯೇ ಹೇಳಬೇಕಿತ್ತು.

ಆ ತಾಯಿ ಕೌದಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿ ಕೇಳಿದರು: “ಯಪ್ಪಾ, ನೀ ಅಂದ ಕಾರ್ಬನ್ ಇದರಾಗ ಎಲ್ಲಿ ಅದ ತೋರ್ಸು, ಒಗೀತೀನಿ.”

ಫೋನಿನಲ್ಲೇ ರೋಗ ಹಿಡಿದದ್ದು

ಅದಾದ ಮೇಲೆ ಗಾಡಿ ಮುಟ್ಟದೆ ಬರೀ ಸದ್ದು ಕೇಳಿ ಹೇಳುವ ಚಟ ಹತ್ತಿತು. ಬೋನಾಳದ ರೈತನೊಬ್ಬ ಫೋನ್ ಮಾಡಿದಾಗ ಗ್ಯಾರೇಜಿನಲ್ಲಿ ನಾಲ್ಕೈದು ಜನ ಚಹಾ ಕುಡಿಯುತ್ತ ಕೂತಿದ್ದರು. ಅವರಿಗೂ ನನ್ನ ಜಾಣತನ ಗೊತ್ತಾಗಲೆಂದು ಸ್ಪೀಕರ್ ಹಾಕಿದೆ.

“ಬಾನೆಟ್ ಎತ್ರಿ. ಫೋನ್ ಇಂಜಿನ್ ಕಡಿ ಹಿಡೀರಿ. ಈಗ ಕೀ ತಿರುವಿಸ್ರಿ.”

ಟಪ್ ಟಪ್ ಟಪ್ ಟಪ್ ಎಂದು ಸ್ಪಷ್ಟವಾಗಿ ಕೇಳಿಸಿತು. ನಾನು ಕಣ್ಣು ಮುಚ್ಚಿ, ತಲೆಯಾಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಟೈಮಿಂಗ್ ಬೆಲ್ಟ್ ಜಾರ್ಯದ. ಇಂಜಿನ್ ಬಿಚ್ಚಬೇಕಾಗ್ತದ. ಕೀ ಬಂದ್ ಮಾಡ್ರಿ, ಇನ್ನೂ ಕೆಡ್ತದ.”

“ಬಂದ್ ಮಾಡೀನ್ರಿ. ಕೀ ನನ್ನ ಕೈಯಾಗೇ ಅದ.”

ಟಪ್ ಟಪ್ ಟಪ್.

“ಮತ್ತ ಅದೇನ್ರಿ ಇನ್ನೂ ಬಡಕೊಳ್ಳಾಕತ್ತದ?”

ಆತ ಮನೆಯ ಕಡೆ ತಿರುಗಿ ಕೂಗಿದ: “ಏಯ್, ಮಿಸ್ತ್ರಿ ಬಂದ್ ಮಾಡು ಅನ್ನಾಕತ್ತಾರ ನೋಡ!”

ಅಡುಗೆಮನೆಯ ಕಿಟಕಿಯಿಂದ ಅವನ ಹೆಂಡತಿಯ ದನಿ ಬಂತು: “ನಾ ಬಂದ್ ಮಾಡಿದ್ರ ಅವರು ಬಂದು ರೊಟ್ಟಿ ಬಡೀತಾರಂತೇನು?”

ಗಾಡಿಗೆ ಆಗಿದ್ದು ಬ್ಯಾಟರಿಯ ವೈರು ಸಡಿಲಾಗಿದ್ದು, ಅಷ್ಟೆ. ಅದನ್ನು ಆತನೇ ಬಿಗಿ ಮಾಡಿಕೊಂಡ. ಚಹಾ ಕುಡಿಯಲು ಕೂತವರು ಮಾತ್ರ ಸಂಜೆತನಕ ಎದ್ದು ಹೋಗಲಿಲ್ಲ.

ಬೀಗರ ಗಾಡಿ

ಇನ್ನು ನಿಜವಾದ ನಾಚಿಕೆ. ಮಗಳನ್ನು ನೋಡಲು ವಡಗೇರಾದಿಂದ ಹುಡುಗ, ಅವನ ತಂದೆತಾಯಿ, ಮತ್ತು ಯಾರ ಮಾತಿಗೂ ಬಗ್ಗದ ಅಜ್ಜ ಕಾರಿನಲ್ಲಿ ಬಂದಿದ್ದರು. ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಚಹಾ ಕೊಡುವಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಈ ಸಂಬಂಧ ಕೂಡಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಅವರು ಮಂಡಕ್ಕಿ ಸೂಸಲಾ, ಮಿರ್ಚಿ ಭಜಿ ತಿನ್ನುತ್ತ ಹೆಂಗಸರ ಜೊತೆ ಮಾತಿಗೆ ಕೂತಾಗ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮಿಸ್ತ್ರಿಯ ಮನೆಗೆ ಬಂದ ಗಾಡಿ ಬಂದ ಹಾಗೇ ತಿರುಗಿ ಹೋಗಬೇಕೆ? ಟೇಬಲ್ ಮೇಲಿದ್ದ ಕೀ ಸದ್ದಿಲ್ಲದೆ ಎತ್ತಿಕೊಂಡು ಹೊರಬಿದ್ದೆ. ಬಾನೆಟ್ ಎತ್ತಿ ಧೂಳು ಒರೆಸಿದೆ, ಬ್ಯಾಟರಿಯ ವೈರು ಬಿಚ್ಚಿ ಫಳಫಳ ಹೊಳೆಯುವ ಹಾಗೆ ತಿಕ್ಕಿದೆ. ಕೆಲಸ ಮುಗಿದ ಗಾಡಿಗೆ ವಿಭೂತಿ, ಕುಂಕುಮ ಹಚ್ಚದೆ ನಾನು ಬಿಡುವವನಲ್ಲ. ಬೀಗರಾಗುವವರ ಗಾಡಿಯೆಂದು ಒಳಗೂ ಹೊರಗೂ ಧಾರಾಳವಾಗಿ ಹಚ್ಚಿ, ವೈರು ಬಿಗಿದು, ಕೀ ಮೊದಲಿದ್ದಲ್ಲೇ ಇಟ್ಟೆ.

“ನಾಳಿ ತಿಳಿಸ್ತೀವ್ರಿ,” ಎಂದು ಅವರು ಎದ್ದು ಕಾರು ಹತ್ತಿದರು. ಹುಡುಗ ಕೀ ತಿರುವಿದ. ಟಿಕ್. ಮತ್ತೆ ತಿರುವಿದ. ಟಿಕ್.

“ಹೆಣ್ಣು ನೋಡಿ ಹೊಂಟಾಗ ಗಾಡಿ ನಿಂತ್ರ ಶಕುನ ಚಲೋ ಅಲ್ಲ,” ಎಂದು ಅಜ್ಜ ಮಗನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬಾಗಿಲಲ್ಲಿ ನಿಂತ ಮಗಳ ಮುಖ ಬಾಡಿತು.

ಬಿಳಿ ಅಂಗಿಯಲ್ಲೇ ಇಂಜಿನ್ನಿನೊಳಗೆ ತಲೆ ಹಾಕಿದೆ. ಫ್ಯೂಸ್ ನೋಡಿದೆ, ಫಿಲ್ಟರ್ ಬಿಚ್ಚಿದೆ, ಸ್ಟಾರ್ಟರಿಗೆ ಸುತ್ತಿಗೆಯಿಂದ ಬಡಿದೆ. ಟಿಕ್ ಎಂದರೆ ಮೊದಲು ಬ್ಯಾಟರಿ ನೋಡಬೇಕು, ಊರಿಗೆಲ್ಲ ಹೀಗೆ ಹೇಳುವವನು ನಾನೇ. ಆದರೆ ಆ ಬ್ಯಾಟರಿ ನನ್ನ ಕೈಯಿಂದ ತಿಕ್ಕಿದ್ದು. ನಾನು ಮುಟ್ಟಿದ್ದು ಕೆಡುತ್ತದೆಯೇ?

ಅಜ್ಜ ಇಳಿದು ಬಂದರು. “ಬರೂಮುಂದ ಚಲೋ ಇತ್ತಲ್ರಿ. ಇಲ್ಲಿ ಯಾರರೆ ಮುಟ್ಟಿದ್ರೇನು?”

“ಯಾರೂ ಮುಟ್ಟಿಲ್ರಿ,” ಅಂದೆ.

ಅಜ್ಜ ನನ್ನ ಬೆರಳು ನೋಡಿದರು. ನಾನೂ ನೋಡಿಕೊಂಡೆ. ಐದೂ ಬೆರಳಿಗೆ ಕುಂಕುಮ ಮೆತ್ತಿತ್ತು.

ಆಗ ಮಗಳು ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಅಂಗಳಕ್ಕೆ ಇಳಿದಳು. “ಅಪ್ಪಾ, ವೈರಿನ ತಳಗ ವಿಭೂತಿ ಹಚ್ಚೀದಿ ಹೌದಿಲ್ಲೋ? ಹೋದ ಆಯುಧ ಪೂಜಿಗಿ ನಮ್ಮ ಗಾಡೀನೂ ಹಿಂಗೇ ನಿಂದ್ರಿಸಿದ್ದಿ.” ನನ್ನ ಕೈಯಿಂದ ಪಾನಾ ಕಿತ್ತುಕೊಂಡು ವೈರು ಬಿಚ್ಚಿದಳು. ಕರೆಂಟು ದಾಟುವ ಜಾಗದಲ್ಲಿ ವಿಭೂತಿ ಒಣಗಿ ಬೆಳ್ಳಗೆ ಕೂತಿತ್ತು. ಒರೆಸಿ, ಬಿಗಿದು, ಹುಡುಗನ ಕಡೆ ನೋಡಿ, “ಈಗ ಕೀ ತಿರುವಿಸ್ರಿ,” ಅಂದಳು. ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಗಾಡಿ ಚಾಲೂ ಆಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾಳಿ ತನಕ ಯಾಕ? ಹುಡುಗಿ ನಮಗ ಪಸಂದ ಅದಾಳ. ಒಂದೇ ಕರಾರು, ಲಗ್ನದ ದಿನ ಬೀಗರನ್ನ ನಮ್ಮ ಗಾಡಿ ಹತ್ರ ಬಿಡಬ್ಯಾಡ್ರಿ.”

ಲಗ್ನ ಚೆನ್ನಾಗಿಯೇ ಆಯಿತು. ಅಳಿಯ ಒಳ್ಳೆಯ ಹುಡುಗ, ನನಗೆ ಎದುರಾಡುವುದಿಲ್ಲ. ಆದರೆ ಮನೆಗೆ ಬಂದಾಗೆಲ್ಲ ಕಾರಿನ ಮೂತಿಯನ್ನು ನಮ್ಮ ಗೋಡೆಗೆ ಒತ್ತಿ ನಿಲ್ಲಿಸುತ್ತಾನೆ. ಬಾನೆಟ್ ಎತ್ತಲು ನಡುವೆ ಕೈ ತೂರುವಷ್ಟೂ ಜಾಗವಿರುವುದಿಲ್ಲ. ಯಾಕಪ್ಪಾ ಹೀಗೆ ಎಂದು ಒಮ್ಮೆ ಕೇಳಿದೆ.

“ನೆರಳಿಗಿರ್ಲಿ ಅಂತ್ರಿ ಮಾವಾರ,” ಅಂದ.

ಆ ಗೋಡೆಗೆ ಮುಂಜಾನೆಯಿಂದ ಸಂಜೆತನಕ ಬಿಸಿಲು.